ಗಡಿಯ ಕ್ಯೂನಲ್ಲಿ ಕಾರಿಳಿದು ಹೋದವನಿಗೆ

ಪೊತೋಸ್, ಥಾಸೋಸ್ ದ್ವೀಪ
ಜುಲೈ 16, ಗುರುವಾರ

ನೆಬೊಯ್ಶಾ,

ಹೆಸರಿನ ಹಿಂದೆ ಬೇರೆ ಯಾವ ಪದವನ್ನೂ ಹಾಕಿಲ್ಲ, ಗಮನಿಸು. ಹಾಕಬೇಕೆನಿಸಿದ ಪದಗಳು ನಿನ್ನ ಅಮ್ಮ ಪಕ್ಕದಲ್ಲೇ ಕೂತಿರುವಾಗ ಬರೆಯುವಂಥವಲ್ಲ.

ಫೋನ್ ಯಾಕೆ ಎತ್ತುತ್ತಿಲ್ಲ ಎಂದು ಮೆಸೇಜ್ ಮೇಲೆ ಮೆಸೇಜ್ ಹಾಕುತ್ತಿದ್ದೀಯ. ಎತ್ತಿದರೆ ನನ್ನ ಒಂದು ವಾಕ್ಯವನ್ನಾದರೂ ಪೂರ್ತಿ ಮಾಡಲು ಬಿಡುತ್ತೀಯಾ? ಮದುವೆಯಾದಾಗಿನಿಂದ ಬಿಟ್ಟಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರ ಮಧ್ಯೆ ನೀನು ಬಾಯಿ ಹಾಕುವ ಹಾಗಿಲ್ಲ. ಪಕ್ಕದ ಕೋಣೆಯಲ್ಲಿ ನಮ್ಮೂರು ಲೆಸ್ಕೊವಾತ್ಸಿನವರೇ ಆದ ಗಂಡ ಹೆಂಡತಿ ಇದ್ದಾರೆ. ನಾಳೆ ಊರಿಗೆ ಹೊರಟವರು ಇದನ್ನು ನಮ್ಮ ಟಪಾಲು ಡಬ್ಬಿಗೆ ಹಾಕಿ ಹೋಗುತ್ತಾರೆ.

ನಿನ್ನೆ ನಿನ್ನ ತಂಗಿ ಅತ್ತೆಗೆ ಫೋನ್ ಮಾಡಿದ್ದಳು. ಹೆಂಡತಿ ನನ್ನನ್ನು ನಡುರಸ್ತೆಯಲ್ಲಿ ಬಿಟ್ಟು ಹೋದಳು ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಸಿಗರೇಟು ಸೇದಲು ಇಳಿದಿದ್ದೆ ಅಷ್ಟೇ ಎಂದೆಯಂತೆ. ಸಿಗರೇಟು ಸೇದಲು ಪಾಸ್‌ಪೋರ್ಟು, ಚಾರ್ಜರು, ಷೇವಿಂಗ್ ಸೆಟ್ಟು ಇರುವ ಚೀಲ ಯಾಕೆ ಬೇಕಿತ್ತು? ಯಾರು ಯಾರನ್ನು ಬಿಟ್ಟರು ಎಂಬುದನ್ನು ಬರೆಯುತ್ತೇನೆ, ಓದು. ತಂಗಿಗೂ ಓದಿ ಹೇಳು.

ಚಳಿಗಾಲದಲ್ಲೇ ಅಡುಗೆಮನೆಯ ಮೇಜಿನ ಮುಂದೆ ನೀನು ನಕ್ಷೆ ಹರಡಿಕೊಂಡು ಕೂತಿದ್ದೆ, ನೆನಪಿದೆಯಾ? "ಈ ಸಲ ಯಾರ್ಗೂ ಟೆನ್ಷನ್ ಬೇಡ. ಎಲ್ಲಾ ನಾನ್ ನೋಡ್ಕೊಂಡಿದೀನಿ. ನೀವು ಸುಮ್ನೆ ಕಾರಲ್ಲಿ ಕೂತ್ಕೊಂಡ್ರೆ ಸಾಕು" ಎಂದೆ. ಅದರಲ್ಲಿ ಮುಖ್ಯವಾದ ಪದ 'ಸುಮ್ನೆ'. ನಿನ್ನ ಪ್ರಕಾರ ಟೆನ್ಷನ್ ಇಲ್ಲದ ರಜೆ ಎಂದರೆ ನಾವು ಬಾಯಿ ಮುಚ್ಚಿಕೊಂಡಿರುವ ರಜೆ.

ಆದರೂ ನಾನು ಹೇಳಿದೆ. ಹಿಂದಿನ ಬೇಸಿಗೆಯಲ್ಲಿ ಹಡಗಿನವರು ಮುಷ್ಕರ ಹೂಡಿ ಬಂದರಿನಲ್ಲೇ ಕೂರಿಸಿದ್ದರು. ಅದಕ್ಕೂ ಮುಂಚಿನ ವರ್ಷ ಕಾಡಿಗೆ ಬೆಂಕಿ ಬಿದ್ದು ರಸ್ತೆ ಮುಚ್ಚಿದ್ದರು. ಈ ವರ್ಷ ಗ್ರೀಕ್ ಗಡಿಯಲ್ಲಿ ನಮ್ಮಂಥವರೆಲ್ಲರ ಬೆರಳಚ್ಚು, ಫೋಟೋ ತೆಗೆದುಕೊಳ್ಳುತ್ತಾರೆ, ಕ್ಯೂ ಕರಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾರೆ. ಶನಿವಾರ ಬೇಡ, ಮಂಗಳವಾರ ಹೊರಡೋಣ. ದೊಯ್ರಾನ್ ಕಡೆಯ ಚಿಕ್ಕ ಗಡಿಯಲ್ಲಿ ದಾಟೋಣ. ಅತ್ತೆಗೆ ಕಾಲು ಊದುತ್ತದೆ, ದಾರಿಯಲ್ಲಿ ಒಂದು ಕಡೆ ತಂಗೋಣ. ಇಂಥದ್ದೇ ಹಡಗು ಎಂದು ಗಂಟುಬೀಳುವುದು ಬೇಡ. ಇಷ್ಟೇ ನಾನು ಹೇಳಿದ್ದು. ನೀನು ಏನೆಂದೆ? "ಬಂತಪ್ಪಾ ಹವಾಮಾನ ಇಲಾಖೆ! ಮನೆ ಬಾಗ್ಲು ದಾಟೋಕ್ ಮುಂಚೆನೇ ಬೆಂಕಿ, ಬಿರುಗಾಳಿ, ಪ್ರಳಯ ಎಲ್ಲಾ ಹೇಳ್ಬಿಡ್ತಾಳೆ." ಮಗಳು ದುನ್ಯಾ ನಕ್ಕಳು. ನಾನೂ ನಕ್ಕೆ. ಆ ನಗುವಿಗಾಗಿ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಶನಿವಾರವೇ ಹೊರಟೆವು. ದೊಡ್ಡ ಗಡಿಗೇ ಹೋದೆವು. ಕ್ಯೂನ ತಲೆ ಎಲ್ಲಿದೆಯೋ ಕಾಣುತ್ತಿರಲಿಲ್ಲ. ಇಂಜಿನ್ ಕಾಯುತ್ತದೆಂದು ನೀನು ಎಸಿ ನಿಲ್ಲಿಸಿದೆ. "ಎದುರು ಬದುರು ಗಾಳಿ ಹೊಡೆದ್ರೆ ಕತ್ತು ಹಿಡ್ಕೊಳುತ್ತೆ" ಎಂದು ಅತ್ತೆ ಎರಡು ಕಿಟಕಿ ತೆಗೆಯಲು ಬಿಡಲಿಲ್ಲ. ದುನ್ಯಾ ಉಚ್ಚೆಗೆ ಅವಸರ ಎಂದರೆ, ತಡ್ಕೋ ಎಂದು ನೀನು ಗದರಿದೆ. ಹತ್ತು ವರ್ಷದ ಮಗುವಿಗೆ! ಹಡಗಿನ ಹೊತ್ತು ಮೀರಿತು. ನೀನು ಸ್ಟಿಯರಿಂಗ್ ಮೇಲೆ ಗುದ್ದತೊಡಗಿದೆ, ಅದೇ ನಿನಗೆ ದ್ರೋಹ ಮಾಡಿದ ಹಾಗೆ.

ಆಗ ನಿಶ್ ಊರಿನ ನಂಬರಿನ ಕಾರೊಂದು ಪಕ್ಕದಿಂದ ನಮ್ಮ ಮುಂದೆ ನುಗ್ಗಿತು. ನೀನು ಇಳಿದು ಹೋಗಿ ಕೂಗಾಡಿದೆ. ಆತ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಣ್ಣಾ, ಇವತ್ತು ಬಿಪಿ ಮಾತ್ರೆ ಮರ್ತ್ಯಾ?" ಎಂದ. ಸುತ್ತಲಿದ್ದವರೆಲ್ಲ ನಕ್ಕರು. ನೀನು ಅವನನ್ನು ಬಿಟ್ಟು ಬಂದು ನಮ್ಮ ಮೇಲೆ ಹರಿಹಾಯ್ದೆ. "ನಿಮ್ಗೋಸ್ಕರ ತಾನೇ ಈ ಕರ್ಮ ಎಲ್ಲಾ! ನನಗ್ಯಾವ ಸಮುದ್ರನೂ ಬೇಡ. ನಾನ್ ಮನೆಗೆ ಹೋಗ್ತೀನಿ, ನೀವ್ ಹೋಗಿ ಈಜ್ಕೊಳ್ಳಿ!" ಡಿಕ್ಕಿ ತೆರೆದು ಚೀಲ ತೆಗೆದುಕೊಂಡು, ತಡೆಗೋಡೆ ಹಾರಿ, ಊರ ಕಡೆಗೆ ಹೋಗುವ ರಸ್ತೆಗೆ ದಾಟಿಬಿಟ್ಟೆ. ಕೀಲಿ ಕಾರಿನಲ್ಲೇ ನೇತಾಡುತ್ತಿತ್ತು.

ಹಿಂದಿನವರ ಹಾರ್ನ್ ಶುರುವಾಯಿತು. ನಾನು ಕಾರು ಮುಟ್ಟಿ ಎಷ್ಟು ವರ್ಷವಾಗಿತ್ತು ಎಂದು ನಿನಗೆ ಗೊತ್ತು. ದುನ್ಯಾ ಕೂಸಾಗಿದ್ದಾಗ ಗೇಟಿಗೆ ಒಂದು ಸಲ ತಾಗಿಸಿದ್ದಕ್ಕೆ, "ಸ್ಟಿಯರಿಂಗ್ ಹಿಡಿದ್ಲು ಅಂದ್ರೆ ಹಿಟ್ಟು ನಾದ್ತಾಳೆ" ಎಂದು ನೆಂಟರ ಮುಂದೆಲ್ಲ ಆಡಿಕೊಂಡವನು ನೀನು. ಅವತ್ತೇ ನಾನು ಓಡಿಸುವುದು ಬಿಟ್ಟಿದ್ದೆ. ಹಿಂದಿನ ಸೀಟಿನಿಂದ ನಿನ್ನ ಅಮ್ಮ, "ನೆಬೊಯ್ಶಾ ಅಂತ ಹೆಸರಿಟ್ಟೆ, ಯಾವುದಕ್ಕೂ ಹೆದರಬಾರ್ದು ಅಂತ. ಕ್ಯೂಗೆ ಹೆದರಿ ಓಡ್ತಾನಲ್ಲೇ! ಜರುಗು ಬಿಲ್ಯಾ, ಸ್ಟಿಯರಿಂಗ್ ಮುಂದೆ ಕೂತ್ಕೋ" ಎಂದರು. ಎರಡು ಸಲ ಇಂಜಿನ್ ನಿಂತಿತು. "ಅಕ್ಕಾ, ಇವತ್ತೇ ಹೋಗೋದಾ?" ಎಂದು ಹಿಂದಿನವನೊಬ್ಬ ಕೂಗಿದ. ಕತ್ತು ಹಿಡಿಯುತ್ತದೆ ಎನ್ನುತ್ತಿದ್ದ ಅತ್ತೆ ಅರ್ಧ ದೇಹ ಕಿಟಕಿಯಿಂದ ಆಚೆ ಹಾಕಿ, "ಅರ್ಜೆಂಟಿದ್ರೆ ಹಾರ್ಕೊಂಡ್ ಹೋಗಪ್ಪಾ!" ಎಂದರು. ಅಷ್ಟರಲ್ಲಿ ಮುಂದೆ ತಪಾಸಣೆಯ ಇನ್ನೊಂದು ಕಿಟಕಿ ತೆರೆದರು. ಗಟ್ಟಿಯಾಗಿ ನಿಂತಿದ್ದ ಸಾಲು ಒಮ್ಮೆಲೇ ಹರಿಯಿತು, ಅದರ ಜೊತೆ ನಾನೂ ಹರಿದೆ.

ಕಿಟಕಿಯಲ್ಲಿದ್ದ ಗ್ರೀಕ್ ಅಧಿಕಾರಿ ಕಾರು ಯಾರದೆಂದು ಕೇಳಿದ. ಕಾರು ಅತ್ತೆಯ ಹೆಸರಿನಲ್ಲಿದ್ದದ್ದು ನಮ್ಮ ಪುಣ್ಯ. ಆಮೇಲೆ ನಮ್ಮ ಭಾಷೆಯಲ್ಲೇ ತೊದಲುತ್ತಾ, ಮಗುವಿನ ತಂದೆ ಎಲ್ಲಿ ಎಂದ. ತಂದೆಯ ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿದರೆ ವಾಪಸ್ಸೇ ಗತಿ. ಅತ್ತೆ, "ಅವನಿಗೆ ಹೊಟ್ಟೆ ಕೆಟ್ಟಿದೆ ಸಾರ್" ಎಂದು ಶುರುಮಾಡುವಷ್ಟರಲ್ಲಿ ದುನ್ಯಾ, "ಅಪ್ಪ ಸಿಟ್ಟು ಮಾಡ್ಕೊಂಡು ಮನೆಗೆ ಹೋದ್ರು" ಎಂದು ಗೊಳೋ ಎಂದು ಅತ್ತುಬಿಟ್ಟಳು. ಆ ಮನುಷ್ಯ ಅವಳನ್ನೇ ನೋಡಿದ, ನನ್ನನ್ನು ನೋಡಿದ, ಪಾಸ್‌ಪೋರ್ಟುಗಳನ್ನು ಕೈಗಿತ್ತು, "ನಿಧಾನ ಓಡಿಸಿ" ಎಂದ. ಮಗಳು ಅಪರಿಚಿತನ ಮುಂದೆ ಹಾಗೆ ಹೇಳಬೇಕಾಯಿತಲ್ಲ, ಅದಕ್ಕೆ ನಿನ್ನನ್ನು ಎಂದೂ ಕ್ಷಮಿಸುವುದಿಲ್ಲ.

ಕೆರಮೋತಿ ಬಂದರಿಗೆ ಬಂದರೆ ಗಾಳಿ ಎದ್ದು ಹಡಗುಗಳೆಲ್ಲ ನಿಂತಿದ್ದವು. ನೀನಿದ್ದಿದ್ದರೆ ಟಿಕೆಟ್ಟಿನ ಹುಡುಗಿಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ನಾವು ದಡದ ಗೋಡೆಯ ಮೇಲೆ ಕೂತು, ಮನೆಯಿಂದ ತಂದಿದ್ದ ಕರಿದ ಮಾಂಸ, ಸುಟ್ಟ ಮೆಣಸಿನಕಾಯಿ, ಬ್ರೆಡ್ಡು ತಿಂದೆವು. ಕಾದೆವು. ದುನ್ಯಾ ಸುತ್ತಮುತ್ತ ನೋಡಿ, "ಅಮ್ಮಾ, ಯಾರೂ ಬೈತಾನೇ ಇಲ್ವಲ್ಲ, ನಾವು ನಿಜವಾಗ್ಲೂ ರಜೆಗೆ ಬಂದಿದೀವಾ?" ಎಂದಳು.

ಮತ್ತೊಮ್ಮೆ ಓದು ಆ ಸಾಲನ್ನು. ನಿನ್ನ ಮಗಳಿಗೆ ರಜೆ ಎಂದರೆ ಏನು ಎಂದು ನೀನು ಕಲಿಸಿದ್ದೀಯ, ನೋಡು. ಗಡಿಯಲ್ಲಿ ಬಂದದ್ದು ಬರೀ ಕೋಪ. ಇದನ್ನು ಕೇಳಿದ ಮೇಲೆ ಬಂದದ್ದು ಇನ್ನೂ ಆರಿಲ್ಲ.

ಸಂಜೆ ಗಾಳಿ ಇಳಿಯಿತು, ಹಡಗು ಬಿಟ್ಟಿತು, ಬಂದು ಸೇರಿದೆವು. ಅತ್ತೆ ದಿನಾ ಬೆಳಿಗ್ಗೆ ನನ್ನ ಹಳೆಯ ಈಜುಡುಗೆ ತೊಟ್ಟು ಸೊಂಟದುದ್ದ ನೀರಿನಲ್ಲಿ ನಿಂತು ಗ್ರೀಕ್ ಮುದುಕಿಯರ ಜೊತೆ ಕೈಸನ್ನೆಯಲ್ಲೇ ಹರಟುತ್ತಾರೆ. ಕಾಲಿನ ಊತ ಇಳಿದಿದೆ. ನಿನ್ನ ಲೆಕ್ಕದಂತೆ ನಾವು ಭಾನುವಾರ ಹೊರಡುವುದಿಲ್ಲ. ಮಂಗಳವಾರ ಹೊರಟು, ದಾರಿಯಲ್ಲಿ ಒಂದು ರಾತ್ರಿ ತಂಗಿ, ದೊಯ್ರಾನ್ ಮೇಲೆ ಬರುತ್ತೇವೆ. ಕಾರು ನಾನೇ ಓಡಿಸುತ್ತೇನೆ. ಮುಂದಿನ ವರ್ಷವೂ ನಾನೇ. ಬರುವುದಾದರೆ ಹಿಂದಿನ ಸೀಟಿನಲ್ಲಿ ಜಾಗವಿದೆ, ಸುಮ್ಮನೆ ಕೂರಬೇಕು. ಬಾರದಿದ್ದರೂ ನಾವಂತೂ ಹೋಗುತ್ತೇವೆ.

ಬಾಲ್ಕನಿಯ ಗಿಡಗಳಿಗೆ ನೀರು ಹಾಕು. ಅವಾದರೂ ನಿನ್ನ ಮಾತು ಕೇಳಲಿ.

ಇನ್ನೂ ಸಿಟ್ಟಿನಲ್ಲೇ ಇರುವ,
ಬಿಲ್ಯಾನಾ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಇದೊಂದನ್ನೂ ಬರೆದುಬಿಡುತ್ತೇನೆ. ಆ ಹೊಸ ಕಿಟಕಿ ತೆರೆದಾಗ ಕನ್ನಡಿಯಲ್ಲಿ ನೀನು ಕಾಣಿಸಿದೆ. ತಡೆಗೋಡೆ ಮತ್ತೆ ಹಾರಿ, ಚೀಲ ಎತ್ತಿ ಬೀಸುತ್ತಾ ನಮ್ಮ ಹಿಂದೆಯೇ ಓಡಿ ಬರುತ್ತಿದ್ದೆ. ಪಕ್ಕಕ್ಕೆ ಹಾಕಿ ನಿಲ್ಲಿಸಲು ಜಾಗವಿತ್ತು. ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ನಿನ್ನ ಅಮ್ಮನೂ ಹಿಂದೆ ತಿರುಗಿ ನಿನ್ನನ್ನು ನೋಡಿದರು. ಅವರು ಹೇಳಿದ್ದು ಇಷ್ಟೇ: "ಕನ್ನಡೀಲಿ ಏನ್ ನೋಡ್ತೀಯಾ, ಮುಂದೆ ನೋಡ್ಕೊಂಡು ಓಡ್ಸೇ."