ವಿನೆಗರ್, ಎಣ್ಣೆ, ನನ್ನ ಮೂಗು

ಭಾನುವಾರ, ಮಧ್ಯಾಹ್ನ

ರೀ,

ಹೇಗೆ ಕರೆಯಲಿ ಎಂದು ಬಹಳ ಹೊತ್ತು ಯೋಚಿಸಿದೆ. ‘ಪ್ರಿಯರೇ’ ಎಂದರೆ ನಾಟಕದಂತಾಗುತ್ತದೆ, ಏನೂ ಇಲ್ಲದೆ ಶುರುಮಾಡಿದರೆ ಕರೆಂಟ್ ಬಿಲ್ಲಿನಂತಾಗುತ್ತದೆ. ಕೊನೆಗೆ ಬಾಯಿಗೆ ಬಂದದ್ದು ಹಳೆಯ ‘ರೀ’ಯೇ.

ನೀವು ಆ ಊರಿನ ಕೆಲಸ ಒಪ್ಪಿಕೊಂಡಿರಿ. ‘ನಾನು ಬರಲ್ಲ’ ಎಂದೆ, ‘ಹಾಗಾದ್ರೆ ಇಲ್ಲೇ ಇರು’ ಎಂದಿರಿ. ಅಷ್ಟೇ ನಡೆದದ್ದು. ಆಮೇಲೆ ನನಗೊಂದು ಜ್ವರ ಬಂದಿತ್ತು, ನಿಮ್ಮ ತಂಗಿ ಹೇಳಿರಬಹುದು. ಅವಳಿಗೂ ಹೇಳದೇ ಇದ್ದದ್ದು ಇದು: ಜ್ವರ ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಕರೆದುಕೊಂಡು ಹೋಯಿತು. ಕಾಫಿ ಬರೀ ಬಿಸಿನೀರು, ಸೋಪು ಬರೀ ನೊರೆ. ಲೋಕವೆಲ್ಲ ಗಾಜಿನ ಆಚೆ ಇದ್ದಂತೆ. ಕಾಣುತ್ತದೆ, ಹತ್ತಿರ ಬರುವುದಿಲ್ಲ. ಅಡುಗೆಯವಳಿಗೆ ಹೀಗಾದರೆ ಏನು ಗತಿ ಹೇಳಿ. ಹೋಟೆಲಿನಲ್ಲಿ ಬಾಯಿ ಬಿಡದೆ, ಅಂದಾಜಿನ ಮೇಲೆ ದಿನ ದೂಡಿದೆ.

ಒಂದು ಬೆಳಗ್ಗೆ ಯಜಮಾನಿ ಓಡಿಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಗ್ಯಾಸ್ ಆಫ್ ಮಾಡಿದರು. ಒಲೆ ಆರಿಹೋಗಿ ಅಡುಗೆಮನೆ ತುಂಬ ಗ್ಯಾಸ್. ನಾನು ಅಲ್ಲೇ ನಿಂತು ಹಾಡು ಗುನುಗುತ್ತಾ ಕ್ಯಾರೆಟ್ ಹೆಚ್ಚುತ್ತಿದ್ದೆ! “ಏನಮ್ಮಾ, ಮೂಗು ಮನೇಲೇ ಬಿಟ್ಟು ಬಂದಿದ್ದೀಯಾ?” ಎಂದು ಕೂಗಿದರು. “ಮೂಗಿದೆ ಮೇಡಂ, ಆದ್ರೆ ಅದಕ್ಕೇನೂ ಗೊತ್ತಾಗ್ತಿಲ್ಲ” ಎಂದವಳೇ ಅತ್ತುಬಿಟ್ಟೆ. ಕೆಲಸ ಹೋಯಿತೆಂದೇ ತಿಳಿದೆ. ಅವರು ಕಿಟಕಿಗಳನ್ನೆಲ್ಲ ತೆರೆದು, ಕುಡಿಯಲು ನೀರು ಕೊಟ್ಟು, “ಒಲೆ ಹತ್ರ ಸುಳೀಬೇಡ. ಸಲಾಡ್ ಮೇಜು ನೋಡ್ಕೋ. ರುಚಿ ನಾನು ನೋಡ್ತೀನಿ” ಎಂದರು.

ಆ ಮೇಜು ಕಿಟಕಿಯ ಪಕ್ಕದಲ್ಲಿದೆ. ಬಿಸಿಲು ನೇರ ಬಾಟಲಿಗಳ ಮೇಲೆ ಬೀಳುತ್ತದೆ. ಅಲ್ಲಿ ನನ್ನ ಮೊದಲ ಕೆಲಸ ಇಟಾಲಿಯನ್ ಡ್ರೆಸಿಂಗ್, ಅಂದರೆ ಸಲಾಡಿನ ಮೇಲೆ ಸುರಿಯುವ ಹುಳಿ-ಎಣ್ಣೆ. ಅಗಲ ಬಾಯಿಯ ಬಾಟಲಿಗೆ ವಿನೆಗರ್, ಉಪ್ಪು, ಚಿಟಿಕೆ ಸಕ್ಕರೆ, ಜಜ್ಜಿದ ಬೆಳ್ಳುಳ್ಳಿ. ಉಪ್ಪು ಕರಗಿದ ಮೇಲೆ ಆಲಿವ್ ಎಣ್ಣೆ. ಅದು ನಿಧಾನವಾಗಿ ಇಳಿದು, ಮತ್ತೆ ಎದ್ದು, ಮೇಲೆ ಹೊಂಬಣ್ಣದಲ್ಲಿ ಮಲಗುತ್ತದೆ. ಕೆಳಗೆ ವಿನೆಗರ್ ಮುಖ ಊದಿಸಿಕೊಂಡು ಕೂತಿರುತ್ತದೆ. ಮುಚ್ಚಳ ಬಿಗಿದು ಕುಲುಕಿದರೆ ಎರಡೂ ಸೇರಿ ಮೋಡ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬೇರೆ. ಮೊದಲ ದಿನ ಕೆಟ್ಟೇಹೋಯಿತೆಂದು ಗಾಬರಿಯಾದಾಗ ಯಜಮಾನಿ ನಕ್ಕರು: “ಬೇರೆಯಾದ್ರೆ ಕೆಟ್ಟಿತು ಅಂತಲ್ಲ ಕಣೇ. ಇನ್ನೊಂದ್ಸಲ ಕುಲುಕು.” ಆಗ ನಾನು ಬೇರೇನೂ ಯೋಚಿಸಲಿಲ್ಲ ಎಂದರೆ ನೀವು ನಂಬುವುದಿಲ್ಲ.

ಡಾಕ್ಟರು ‘ದಿನಾ ಮೂಸಿ ನೋಡ್ತಿರಿ, ಬಂದ್ರೂ ಬರಬಹುದು’ ಎಂದಿದ್ದರು. ಬಾಟಲಿಯೊಳಗೆ ಎಣ್ಣೆ ಏಳುವುದನ್ನು ನೋಡುತ್ತಾ ಒಂದೊಂದೇ ವಾಸನೆಯನ್ನು ನೆನಪಿನಿಂದ ಕರೆಯುತ್ತಿದ್ದೆ. ಬೆಳ್ಳುಳ್ಳಿ ಎಂದರೆ ನಮ್ಮ ಮೊದಲ ಬಾಡಿಗೆ ಕೋಣೆ; ಒಗ್ಗರಣೆ ಹಾಕಿದರೆ ದಿಂಬಿಗೂ ಅಂಟುತ್ತಿತ್ತಲ್ಲ. ನಿಂಬೆ ಎಂದರೆ ನೀವು ಸಿಪ್ಪೆಯಲ್ಲಿ ಉಗುರು ತಿಕ್ಕಿಕೊಳ್ಳುತ್ತಿದ್ದ ಸಂಜೆ. ಎಲ್ಲ ನೆನಪೂ ಬರುತ್ತಿತ್ತು, ವಾಸನೆಯೊಂದು ಬಿಟ್ಟು.

ಕಳೆದ ವಾರ ಗಿರಾಕಿಗಳು ಬರುವ ಮುಂಚೆ, ಡ್ರೆಸಿಂಗಿಗೆ ಉದುರಿಸುವ ಒಣಗಿದ ಒರೆಗಾನೊ ಎಲೆಗಳನ್ನು ಅಂಗೈಯಲ್ಲಿ ತಿಕ್ಕುತ್ತಿದ್ದೆ. ಎಲ್ಲೋ ದೂರದಿಂದ, ಬೆಟ್ಟದ ಹುಲ್ಲಿಗೆ ಬಿಸಿಲು ಬಿದ್ದಂಥದ್ದೊಂದು ಬಂತು. ಹೋಯಿತು. ಮತ್ತೆ ಬಂತು. ಹಾಗೆ ನನಗೆ ಮೊದಲು ಮರಳಿದ ವಾಸನೆ ಅದು. ಯಜಮಾನಿಯನ್ನು ಕೂಗಿದೆ. ಅವರು ಲೆಟಿಸ್ ಎಲೆಯೊಂದನ್ನು ಡ್ರೆಸಿಂಗಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟು, “ಹೇಳು, ಏನು ಹೆಚ್ಚುಕಮ್ಮಿ?” ಎಂದರು. “ಉಪ್ಪು ಸರಿಯಿದೆ, ಹುಳಿ ಜಾಸ್ತಿ” ಎಂದೆ. ಅವರು ಸೆರಗಲ್ಲಿ ಕಣ್ಣೊರೆಸಿಕೊಂಡು, ಈರುಳ್ಳಿ ಖಾರ ಎಂದರು. ಮೇಜಿನ ಮೇಲೆ ಈರುಳ್ಳಿಯೇ ಇರಲಿಲ್ಲ.

ನಾಳೆಯಿಂದ ನನಗೆ ಮತ್ತೆ ಒಲೆ. ನಿಮಗೊಂದು ಬಾಟಲಿ ಕಳಿಸೋಣವೆಂದಿದ್ದೆ. ಹಸಿ ಬೆಳ್ಳುಳ್ಳಿ ಹಾಕಿದ್ದು, ದಾರಿಯಲ್ಲಿ ಕೆಡುತ್ತದೆ. ಇಲ್ಲೇ ತಿನ್ನಬೇಕು. ಹಾಗಂತ ಕರೆಯುತ್ತಿದ್ದೇನೆ ಅಂದುಕೊಳ್ಳಬೇಡಿ.

ಇಂತಿ,
ಗುಬ್ಬಿ

ಬಿಟ್ಟುಹೋದ ಮಾತು: ಒರೆಗಾನೊ ಮೊದಲು ಎಂದದ್ದು ಸುಳ್ಳು. ಅದರ ಹಿಂದಿನ ಸಂಜೆ ಬಟ್ಟೆ ಮಡಿಸುವಾಗ ಮರದ ಪಾಲಿಶ್ ವಾಸನೆ ಬಂತು. ಕೆಲಸ ಮುಗಿಸಿ ಬಂದಾಗ ನಿಮ್ಮ ಅಂಗಿಗೆ ಅಂಟಿರುತ್ತಿತ್ತಲ್ಲ, ಅದೇ. ವಾಸನೆ ಮರಳಿತೆಂದು ನನಗೆ ಹೊಳೆಯಲೇ ಇಲ್ಲ. ನೀವು ಬಂದಿರೆಂದು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದೆ. ಕೆಳಮನೆಯವರು ಬಾಗಿಲಿಗೆ ಪಾಲಿಶ್ ಹಾಕಿಸುತ್ತಿದ್ದರು. ಆ ಬಡಗಿ “ಯಾರು ಬೇಕಿತ್ತಮ್ಮಾ?” ಎಂದು ಕೇಳಿದ. ಇಷ್ಟು ವರ್ಷ ನಿಮ್ಮೆದುರಿಗೂ ಬಾಯಿಬಿಟ್ಟು ಹೇಳದ ನಿಮ್ಮ ಹೆಸರನ್ನು ಅವನಿಗೆ ಹೇಳಿಬಿಟ್ಟೆ.