ಮಿರಗಕ್ಕಿಂತ ಮೊದಲು ಬಂದ ಹೊಳೆ

೧೭ ಮೇ, ಶನಿವಾರ
ಮಾವನಿಗೆ ಬುತ್ತಿ ಕೊಟ್ಟು ಬಂದೆ. ಪ್ರತಿ ಬೇಸಿಗೆಯಂತೆ ಒಣಗಿದ ಹೊಳೆಯ ಉಸುಕಿನಲ್ಲಿ ಖರಬೂಜ ಹಾಕಿದ್ದಾರೆ. ಅಲ್ಲೇ ಗುಡಿಸಲು, ಅಲ್ಲೇ ಕಾವಲು. ನಿತ್ಯ ಮೋಡ… ನನಗೆ ನೆಮ್ಮದಿಯಿಲ್ಲ. ಹೋದ ವರ್ಷ ಆಷಾಢದಲ್ಲಿ ಹೊಳೆ ಹರಿಯಲೇ ಇಲ್ಲ, ದೀಪಾವಳಿಗೆ ತುಂಬಿ ಬಂತು. ಮೇಲೆ ಬನ್ನಿ ಎಂದೆ. ಮಿರಗಕ್ಕೆ, ಅಂದರೆ ಮೃಗಶಿರಾ ಮಳೆಗೆ, ಇನ್ನೂ ಮೂರು ವಾರವಿದೆ ಎಂದು ನಕ್ಕರು.
“ಮಿರಗದ ಮಳಿಗಿಂತ ಮೊದಲ ಈ ಹೊಳಿಗೆ ನೀರ ಬಂದದ್ದ ನಾ ಕಂಡಿಲ್ಲ.”

೨೧ ಮೇ, ಸಂಜೆ
ಮಧ್ಯಾಹ್ನ ನಾರಾಯಣಪುರದಿಂದ ಅಣ್ಣ ಜೈಭೀಮನ ಫೋನ್ — ಅಲ್ಲಿ ಬಸವಕಲ್ಯಾಣದ ಕಡೆ ಬೆಳಗಿನಿಂದ ಒಂದೇ ಸಮ ಮಳೆ, ಹಳ್ಳಗಳೆಲ್ಲ ತುಂಬಿವೆಯಂತೆ. ಆ ನೀರು ಇಳಿದು ಬರುವುದು ಇಲ್ಲಿಗೇ. ಇಲ್ಲಿ ಮಾತ್ರ ಬಿಸಿಲು. ಓಡಿದೆ. ಎಷ್ಟು ಹೇಳಿದರೂ ಮಾವ ಬಳ್ಳಿ ಬಿಟ್ಟು ಏಳಲಿಲ್ಲ. ಕೊನೆಗೆ ಬಾಯಿಂದ ಬಂದೇಬಿಟ್ಟಿತು.
“ಮಾವಾ, ಹುಮನಾಬಾದ ರೋಡಿನಾಗ ಇವರ ಗಾಡಿ ಆ್ಯಕ್ಸಿಡೆಂಟ್ ಆಗ್ಯಾದ್ರಿ. ಲಗೂನ ಬರ್ರಿ.”
ಬರಿಗಾಲಲ್ಲೇ ಬಂದರು. ದಂಡೆ ಹತ್ತುವಷ್ಟರಲ್ಲಿ ಹಿಂದೆ ಸದ್ದು. ಕೆಸರು ನೀರು… ಗುಡಿಸಲು ಹೋಯಿತು, ಬಳ್ಳಿ ಹೋಯಿತು. ಮಾವ ತಿರುಗಿಯೂ ನೋಡಲಿಲ್ಲ. ಅಜೀತ ಎಲ್ಲಿ, ನನ್ನ ಮಗ ಎಲ್ಲಿ ಎಂದೇ ಕೇಳುತ್ತಿದ್ದರು. ಸುಳ್ಳು ಹೇಳಿದೆ ಎಂದೆ. ನನ್ನ ಕಡೆ ನೋಡದೆ ಮನೆಯತ್ತ ನಡೆದುಬಿಟ್ಟರು.

೨೯ ಮೇ
ಮಾವ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಜೀವ ಉಳಿಸಿದಳಲ್ಲ ಎಂದು ಅಜೀತ ಹೇಳಿ ಹೇಳಿ ದಣಿದರು. ಇವತ್ತು ರೊಟ್ಟಿ ಬಡಿಯುತ್ತ ಅತ್ತೆ ಮೆಲ್ಲಗೆ ಹೇಳಿದರು — ಅಜೀತನಿಗಿಂತ ದೊಡ್ಡ ಮಗನೊಬ್ಬ ಇದ್ದನಂತೆ. ಅದೇ ಹುಮನಾಬಾದ ರೋಡಿನಲ್ಲಿ ಆ್ಯಕ್ಸಿಡೆಂಟಾಗಿ ತೀರಿಹೋದನಂತೆ. ನನಗೆ ಯಾರೂ ಹೇಳಿರಲಿಲ್ಲ.
ಹೇಳಿದ್ದರೆ? ಆಗಲೂ ಅದನ್ನೇ ಹೇಳುತ್ತಿದ್ದೆನೇನೋ…

೧೦ ಆಗಸ್ಟ್
ಶ್ರಾವಣ. ಎರಡೂ ದಂಡೆ ತುಂಬಿ ಹರಿಯಬೇಕಾದ ಹೊಳೆಯಲ್ಲಿ ಎಮ್ಮೆಯ ಗೊರಸು ಮುಳುಗುವಷ್ಟೂ ನೀರಿಲ್ಲ. ಮಾವ ದಿನಾ ಹೋಗಿ ನಿಂತು ನೋಡಿ ಬರುತ್ತಾರೆ. ಅವರು ಬರುವವರೆಗೆ ನಾನೂ ಒಂದು ಕಡೆ ಕೂರಲಾರೆ. ಒಳಗೆ, ಬಾಗಿಲಿಗೆ, ಮತ್ತೆ ಒಳಗೆ.

೧೬ ನವೆಂಬರ್, ಬೆಳಿಗ್ಗೆ
ಖರಬೂಜದ ಬೀಜ ಹಾಕುವ ಹೊತ್ತು. ಈ ವೇಳೆಗೆ ಉಸುಕು ಕಾಣಬೇಕು. ಹೊಳೆ ಇನ್ನೂ ಎದೆಮಟ್ಟ. ಅಡಿಗೆಮನೆ ಬಾಗಿಲಿಗೆ ಮಾವ ಬಂದು ನಿಂತರು. ಇಷ್ಟು ದಿನದ ಮೇಲೆ ಮೊದಲ ಮಾತು.
“ವಿಶಾಖಾ, ನೀರ ಯಾವಾಗ ಇಳೀತದ? ನೀ ಹೇಳು. ಈ ಸಲ ನಾ ಕೇಳತೇನಿ.”
ಏನು ಹೇಳಲಿ? ಅಂದು ಅಣ್ಣ ಫೋನ್ ಮಾಡಿದ್ದಕ್ಕೆ ಗೊತ್ತಾಯಿತು, ಅಷ್ಟೇ.
“ನನಗೂ ತಿಳಿಯಂಗಿಲ್ರಿ, ಮಾವಾ.”
ನೋಡಿ ಬರೋಣ ನಡಿ ಎಂದರು. ಅಂಗಳದಲ್ಲಿ ಕಾಯುತ್ತಿದ್ದಾರೆ, ಈಗ ಕೆಮ್ಮಿದರು. ಹೋಗಬೇಕು, ಉಳಿದದ್ದು —