ಹೊಲಿಗೆ ಕೋಣೆಯ ಬೀಗದಕೈ

ಮಹಡಿಯ ಮೇಲಿನ ಬಾಡಿಗೆ ಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ ಅಂತ ಎಷ್ಟು ಸಲ ಹೇಳಲಿ. ಮನೆ ಪರದೇಶದವರದಾದರೇನು, ಸೊಂಟ ನಿನ್ನದೇ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಅವರೆಲ್ಲರ ಊಟ ಮುಗಿಯಲಿ ಅಂತ ಕಾಯುತ್ತೀಯೋ? ನಿನ್ನ ಕೋಣೆಗೆ ಚಿಲಕ ಒಳಗಡೆ ಇದೆಯೋ ಹೊರಗಡೆಯೋ ಅಂತ ಹೋದ ಸಲ ಕೇಳಿದ್ದೆ. ಅಲ್ಲಿನ ಚಳಿಯ ಬಗ್ಗೆ ಪುಟ ತುಂಬ ಬರೆದೆ, ಚಿಲಕದ ಮಾತೇ ಎತ್ತಲಿಲ್ಲ. ಫೋನಿನಲ್ಲಿ ಕೇಳೋಣವೆಂದರೆ ಮನೆಯೊಡತಿ ನಿನ್ನ ಪಕ್ಕದಲ್ಲೇ ನಿಂತಿರುತ್ತಾಳೆ. ಅದಕ್ಕೇ ಈ ಪತ್ರ.

ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು. ಬರೆದಿದ್ದೇನೆ ಅಂದುಕೋ. ಬೆಳಿಗ್ಗೆ ಫ್ಯಾಷನ್ ಕಾಲೇಜು, ಮಧ್ಯಾಹ್ನದಿಂದ ಮೇಡಂ ಅವರ ಉಡುಪಿನ ಅಂಗಡಿಯಲ್ಲಿ ತರಬೇತಿ. ಮುಂದುಗಡೆ ಗಾಜಿನ ಕಿಟಕಿ, ಅದರಲ್ಲಿ ತಲೆಯಿಲ್ಲದ ಬೊಂಬೆಗಳು. ಹಿಂದುಗಡೆ ಕಿಟಕಿಯೇ ಇಲ್ಲದ ಹೊಲಿಗೆಯ ಕೋಣೆ. ಉಡುಪು ಅಂದರೆ ಸ್ವಾತಂತ್ರ್ಯ ಅಂತ ಕಾಲೇಜಿನಲ್ಲಿ ಬರೆಸುತ್ತಾರೆ. ಆ ಸ್ವಾತಂತ್ರ್ಯದ ಗುಂಡಿಗಳಿಗೆ ಕಾಜಾ ಹಾಕುವ ಹೆಂಗಸರು ಇಲ್ಲಿ ಬೀಗದೊಳಗೆ ಕೂತಿರುತ್ತಾರೆ. ಉತ್ಪ್ರೇಕ್ಷೆಯಲ್ಲ ಅಮ್ಮಾ, ನಿಜವಾದ ಬೀಗ. ಫ್ಯಾಷನ್ ಶೋ ಹತ್ತಿರ ಬಂದಾಗ ಇಲ್ಲಿನ ಪದ್ಧತಿ ಅದು. ಹೊಸ ಉಡುಪುಗಳ ಫೋಟೋ ಎದುರು ಅಂಗಡಿಯವರಿಗೆ ಸಿಗಬಾರದು ಅಂತ ಫೋನುಗಳನ್ನೆಲ್ಲ ಬುಟ್ಟಿಗೆ ಹಾಕಿಸಿ, ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುತ್ತಾರೆ. ಮೂತ್ರಕ್ಕೆ ಹೋಗಬೇಕೆಂದರೂ ಒಳಗಿನಿಂದ ಬಾಗಿಲು ಬಡಿಯಬೇಕು. ಹಳೆಯ ಹಿತ್ತಾಳೆ ಬೀಗ. ಬೀಗದಕೈ ತಿರುಗಿಸದೆ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಇರುವುದು ಒಂದೇ ಬೀಗದಕೈ. ಅದನ್ನು ಮೇಡಂ ನನಗೆ ಕೊಟ್ಟರು. 'ನೀನು ಓದಿದೋಳು, ನಮ್ಮೋಳು' ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ! ಅಳತೆ ಟೇಪಿನ ತುದಿಗೆ ಕಟ್ಟಿ, ಪದಕದ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗಿದೆ. ಇಂಥದೇ ಕೋಣೆಯಲ್ಲಿ ಹೊಲಿದು ನೀನು ನನ್ನನ್ನು ಸಾಕಿದ್ದು ಆಗ ನೆನಪಾಗಲಿಲ್ಲವೇ ಅಂತ ಕೇಳಬೇಡ.

ಮೊನ್ನೆ ಗುರುವಾರ ಜಿಪ್ಪಿನ ಬಣ್ಣ ಹೊಂದುತ್ತಿಲ್ಲ ಅಂತ ಮೇಡಂ ನನ್ನನ್ನು ಪೇಟೆಗೆ ಓಡಿಸಿದರು. ಬೀಗದಕೈ ಕೊರಳಲ್ಲೇ ಇತ್ತು. ನನಗೂ ನೆನಪಿಲ್ಲ, ಅವರಿಗೂ ನೆನಪಿಲ್ಲ. ಅಂಗಡಿ ಅಂಗಡಿ ಅಲೆದು, ಪಾಚಿಯಲ್ಲದ ಎಲೆಯಲ್ಲದ ಆ ಹಾಳು ಹಸಿರು ಸಿಕ್ಕಿತು ಅಂತ ಗೆದ್ದವಳ ಹಾಗೆ ವಾಪಸು ಬಂದರೆ ಬಾಗಿಲ ಸಂದಿಯಿಂದ ಹೊಗೆ. ಇಸ್ತ್ರಿಪೆಟ್ಟಿಗೆಯ ವೈರು ಸುಟ್ಟು, ಚೂರುಬಟ್ಟೆಯ ಮೂಟೆಗೆ ಕಿಡಿ ಹಾರಿತ್ತು. ಒಳಗಿನಿಂದ ಕತ್ತರಿಯ ಹಿಡಿಯಲ್ಲಿ ಬಾಗಿಲು ಗುದ್ದುತ್ತಿದ್ದರು. ಹೊರಗೆ ಮೇಡಂ ಬೀಗ ಹಿಡಿದು ಜಗ್ಗುತ್ತಿದ್ದರು. ಕೊರಳಿನ ಟೇಪು ಗಂಟುಬಿದ್ದಿತ್ತು. ಬೀಗದಕೈ ತೂತಿಗೆ ಎಟುಕದೆ ಕೊರಳನ್ನೇ ಬೀಗದ ಹತ್ತಿರಕ್ಕೆ ಬಗ್ಗಿಸಿದೆ. ಬಾಗಿಲು ತೆರೆಯುವಷ್ಟರಲ್ಲಿ ಕುಡಿಯುವ ನೀರು ಸುರಿದು ಅವರೇ ಬೆಂಕಿ ಆರಿಸಿದ್ದರು. ಮಸಿ ಮುಖದಲ್ಲಿ ಕೆಮ್ಮುತ್ತಾ ಹೊರಬಂದರು. ಕಾಜಾ ಹಾಕುವ ಅಕ್ಕ, ಕಾಜಾ ಅಕ್ಕ ಅಂತಲೇ ಎಲ್ಲರೂ ಕರೆಯುವುದು, ನನ್ನ ಮುಂದೆ ನಿಂತು ಕಣ್ಣೊರೆಸಿಕೊಂಡಳು. 'ಬಾಗಿಲು ತೆಗೆಯೋದು ಯಾವ ವರ್ಷದ ಪಾಠಮ್ಮಾ? ಕೊನೇ ವರ್ಷಕ್ಕೆ ಬರುತ್ತಾ?' ಅಂದಳು. ಕೆಮ್ಮಿನ ನಡುವೆಯೇ ಎಲ್ಲರೂ ನಕ್ಕರು. ಅದರ ಬದಲು ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಮೇಡಂ ಏನಂದರು ಗೊತ್ತೇ? 'ಯಾರಿಗೂ ಏನೂ ಆಗಿಲ್ವಲ್ಲ, ಸದ್ಯ. ಬಟ್ಟೆಗೆ ಹೊಗೆ ವಾಸನೆ ಹಿಡಿದಿದೆಯಾ ನೋಡು.' ನಾನು ಮೂಸಿದೆ ಅಮ್ಮಾ. ಒಂದೊಂದೇ ಉಡುಪನ್ನು ಮೂಗಿಗೆ ಹಿಡಿದು ಮೂಸಿದೆ. ಅವರ ಉಸಿರಲ್ಲಿ ಎಷ್ಟು ಹೊಗೆ ಹೋಯಿತು ಅಂತ ಯಾರೂ ಮೂಸಲಿಲ್ಲ. ಆಮೇಲೆ ಎಲ್ಲರನ್ನೂ ಒಳಗೆ ಕಳಿಸಿ ಮತ್ತೆ ಬೀಗ ಹಾಕಿದವಳೂ ನಾನೇ. ಯಾರದೋ ಮೈ ಚೆಂದ ಕಾಣಲಿ ಅಂತ ಇನ್ನಾರದೋ ಮೈ ಸುಡಬೇಕೇ? ಇದನ್ನು ಅವರು ಫ್ಯಾಷನ್ ಅನ್ನಲಿ, ನಾನು ಜೈಲು ಅನ್ನುತ್ತೇನೆ. ಇಷ್ಟು ರೋಷ ನಿನ್ನ ಮುಂದೆ ಮಾತ್ರ. ಶುಕ್ರವಾರ ಮೇಡಂ ಹತ್ತಿರ ಹೋಗಿ ಬೀಗ ಬೇಡ ಅಂದಾಗ ನನ್ನ ದನಿ ಇಲಿಮರಿಯದಾಗಿತ್ತು. 'ಶೋ ಮುಗಿಯೋ ತನಕ ಬಾಯಿಗೂ ಒಂದು ಬೀಗ ಹಾಕ್ಕೋ' ಅಂದರು. ತರಬೇತಿ ಮುಗಿಸಿದಳು ಅಂತ ಅವರು ಬರೆದುಕೊಡದಿದ್ದರೆ ನನಗೆ ಪದವಿಯಿಲ್ಲ. ಆ ಪದವಿಗಾಗಿ ನೀನು ಕಡಲು ದಾಟಿ ಹೋಗಿದ್ದೀಯ. ಪಕ್ಕದ ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಕೊರಳು ಮುಟ್ಟಿ ನೋಡಿಕೊಳ್ಳುತ್ತೇನೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಉತ್ತರ ಬರುವ ಹೊತ್ತಿಗೆ ಶೋ ಮುಗಿದಿರುತ್ತದೆ, ಗೊತ್ತು. ಆದರೂ ಕೇಳುತ್ತಿದ್ದೇನೆ.

ಆ ಅಜ್ಜಿಗೆ ನಮ್ಮ ಭಾಷೆ ತಿಳಿಯದಿದ್ದರೂ ನಾನು ಕೇಳಿದೆ ಅಂತ ಹೇಳು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ನನ್ನ ಬಗ್ಗೆ ಚಿಂತೆ ಬೇಡ, ಅದನ್ನು ನಾನೇ ಸಾಕಷ್ಟು ಮಾಡುತ್ತಿದ್ದೇನೆ.

ಹೊಲಿಗೆ ಮಶೀನಿನ ದಾರದುಂಡೆಯ ಹಾಗೆ ನಿಂತಲ್ಲಿ ನಿಲ್ಲದ, ನಿನ್ನ
ಬಾಬಿನ್ನು

ಮರೆತೆ: ಈ ಲಕೋಟೆಯಲ್ಲಿ ಬಟ್ಟೆಯ ತುಂಡಿನೊಳಗೆ ಗಟ್ಟಿಯಾಗಿ ಸಿಗುವುದು ಆ ಬೀಗದಕೈ. ಅಲುಗಾಡಬಾರದು ಅಂತ ಸುತ್ತಲೂ ಹೊಲಿದಿದ್ದೇನೆ. ನಿನ್ನೆ ಸಂಜೆ ಎಲ್ಲರೂ ಹೋದಮೇಲೆ ಬೀಗವನ್ನು ಬಾಯಿ ತೆರೆದಂತೆಯೇ ಬಾಗಿಲಿಗೆ ನೇತುಹಾಕಿ ಬಂದೆ. ನಾಳೆ ಮೇಡಂ ಕೇಳಿದರೆ ಅಮ್ಮನ ಹತ್ತಿರ ಇದೆ ಅನ್ನುತ್ತೇನೆ. ಹೊಸ ಬೀಗ ತರಬಹುದು, ತರಲಿ. ನಾನೂ ಒಳಗೆ ಹೋಗಿ ಕಾಜಾ ಅಕ್ಕನ ಪಕ್ಕ ಕೂರುತ್ತೇನೆ; ಹೊರಗಿನಿಂದ ತಿರುಗಿಸಲು ಬೇರೆ ಓದಿದವಳನ್ನು ಹುಡುಕಿಕೊಳ್ಳಲಿ. ಪದವಿ ಕೈತಪ್ಪಿದರೆ ಬೈಯಿ, ಬೈಸಿಕೊಳ್ಳುತ್ತೇನೆ. ಧೈರ್ಯ ಇಳಿಯುವ ಮುಂಚೆ ಇದನ್ನು ಅಂಚೆಡಬ್ಬಕ್ಕೆ ಹಾಕಬೇಕು, ಓಡುತ್ತಿದ್ದೇನೆ. ಉತ್ತರದಲ್ಲಿ ಚಳಿಯ ಸಮಾಚಾರ ಬೇಡ. ನಿನ್ನ ಚಿಲಕ ಯಾವ ಕಡೆಗಿದೆ, ಅದನ್ನು ಬರೆ.